ತಾನಾಗಿ ಹುಟ್ಟಿದ ಬಳ್ಳಿ

ನಮ್ಮ ನೂರ್ದಾಲ್ ಲೂಥರನ್ ಸಭೆಯ ನೂರ ನಲವತ್ತು ವರ್ಷಗಳ ಚರಿತ್ರೆಯಲ್ಲಿ, ಸಭೆಯೇ ಒಡೆದುಹೋಗುವಷ್ಟು ಗಂಭೀರವಾದ ಪ್ರಶ್ನೆ ಎದ್ದದ್ದು ಎರಡೇ ಸಲ. ಮೊದಲನೆಯದು, ಸ್ವರ್ಗಕ್ಕೆ ಹೋಗುವವರ ಪಟ್ಟಿಯನ್ನು ದೇವರು ಮೊದಲೇ ಬರೆದಿಟ್ಟಿರುತ್ತಾನೋ ಅಥವಾ ನಮ್ಮ ನಂಬಿಕೆಯನ್ನು ನೋಡಿಕೊಂಡು ಬರೆಯುತ್ತಾನೋ ಎಂಬುದು. ಅದು ನಮ್ಮ ಮುತ್ತಜ್ಜಂದಿರ ಕಾಲದ ಮಾತು. ಅರ್ಧ ಜನ ಸಿಟ್ಟಾಗಿ ರಸ್ತೆಯ ಆಚೆ ಬದಿಗೆ ಬೇರೆ ಚರ್ಚ್ ಕಟ್ಟಿಕೊಂಡರು. ಅದರ ಗೋಪುರ ಇವತ್ತಿಗೂ ನಮ್ಮದಕ್ಕಿಂತ ನಾಲ್ಕು ಅಡಿ ಎತ್ತರ. ಎರಡನೆಯದು, ಪ್ರಭುಭೋಜನದ ದ್ರಾಕ್ಷಾರಸ ವೇದಿಕೆಯ ಬಿಳಿ ಬಟ್ಟೆಗೆ ಚೆಲ್ಲಿದರೆ ಕಲೆ ಹೋಗುವುದಿಲ್ಲ ಎಂಬುದು. ಎರಡರಲ್ಲಿ ಇದೇ ಹೆಚ್ಚು ಗಂಭೀರ. ಸ್ವರ್ಗದ ವಿಷಯ ತಿಳಿಯಲು ಸಾಯುವವರೆಗೆ ಕಾಯಬಹುದು; ಬಟ್ಟೆಯನ್ನು ಸೋಮವಾರವೇ ಒಗೆಯಬೇಕು.

ಆ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವ ಹೆಂಗಸರ ಕೂಟಕ್ಕೆ ಫರ್ನ್ ಯೋಸ್ಟಾಡ್ ಮುಖ್ಯಸ್ಥೆ. ಒಂದು ವಾರ್ಷಿಕ ಸಭೆಯಲ್ಲಿ ಅವಳು ಎದ್ದು ನಿಂತು, ಕಲೆಯಾದ ಬಟ್ಟೆಯನ್ನು ಕೊಲೆ ಮೊಕದ್ದಮೆಯ ಸಾಕ್ಷ್ಯದಂತೆ ಎತ್ತಿ ಹಿಡಿದು, "ಯೇಸು ಕೆಂಪು ಅಂತ ಎಲ್ಲೂ ಹೇಳಿಲ್ಲ. ದ್ರಾಕ್ಷಿ ಅಂತ ಮಾತ್ರ ಹೇಳಿರೋದು," ಎಂದಳು. ಪಾಸ್ಟರ್ ಕೂಡ ಎದುರಾಡಲಿಲ್ಲ. ಆವತ್ತಿನಿಂದ ನಮ್ಮಲ್ಲಿ ಬಿಳಿ ದ್ರಾಕ್ಷಿ. ತಟ್ಟೆಯಲ್ಲಿ ಜೋಡಿಸುವ ಪುಟ್ಟ ಗಾಜಿನ ಲೋಟಗಳಲ್ಲಿ, ಒಳಗಿನ ಸುತ್ತಿನವಕ್ಕೆ ವೈನು. ಹೊರಗಿನ ಸುತ್ತಿನವಕ್ಕೆ ಬರೀ ರಸ, ಮಕ್ಕಳಿಗೂ ಕುಡಿತ ಬಿಟ್ಟವರಿಗೂ. ಎರಡೂ ಒಂದೇ ಬಣ್ಣವಾದ್ದರಿಂದ ಯಾರು ಕುಡಿತ ಬಿಟ್ಟವರೆಂದು ಪಕ್ಕದವರಿಗೆ ತಿಳಿಯುವುದಿಲ್ಲ ಎಂಬುದೊಂದು ಅನುಕೂಲ. ಆದರೂ ಎಲ್ಲರಿಗೂ ತಿಳಿದೇ ಇತ್ತು.

ಆ ದ್ರಾಕ್ಷಿ ನಮ್ಮದು. ನಮ್ಮದು ಎಂದರೆ ನನ್ನ ಗಂಡ ಇಂಗ್‌ವಾಲ್ಡ್ ಮತ್ತು ನಾನು ಸೇರಿ ಮಾಡಿದ್ದು. ಮಿಸಿಸಿಪ್ಪಿಯ ಈ ದಡದ ಗುಡ್ಡಗಳಲ್ಲಿ ಜನವರಿಯಲ್ಲಿ ಟ್ರ್ಯಾಕ್ಟರಿನ ಡೀಸೆಲ್ಲೇ ಗಟ್ಟಿಯಾಗುತ್ತದೆ. ಫ್ರಾನ್ಸಿನ ನಾಜೂಕು ಬಳ್ಳಿಗಳು ಇಲ್ಲಿ ಎರಡನೇ ಕ್ರಿಸ್‌ಮಸ್ ಕಾಣುವುದಿಲ್ಲ. ಹೊಳೆದಂಡೆಯ ಕಾಡುದ್ರಾಕ್ಷಿ ಯಾವ ಚಳಿಗೂ ಜಗ್ಗದು, ಆದರೆ ಅದರ ಹಣ್ಣು ತಿಂದವರ ಮುಖ ಸಂಜೆಯವರೆಗೂ ಹಾಗೇ ಸೊಟ್ಟಗಿರುತ್ತದೆ. ಇವೆರಡಕ್ಕೂ ನಂಟು ಬೆಳೆಸಿ, ಆ ನಂಟಿನ ಮಕ್ಕಳಲ್ಲಿ ಚಳಿ ತಡೆಯುವುದನ್ನೂ ಬಾಯಿಗೆ ಹಿತವಾಗಿರುವುದನ್ನೂ ಹುಡುಕುತ್ತಾ ಹೋಗುವುದು ನಮ್ಮ ಕಸುಬಲ್ಲ, ಚಟ. ಕಸುಬು ಬೇರೆ ಇತ್ತು: ಇಂಗ್‌ವಾಲ್ಡ್‌ಗೆ ನಲವತ್ತು ಹಸು, ನನಗೆ ಊರ ಲೈಬ್ರರಿ.

ಇಂಗ್‌ವಾಲ್ಡ್‌ನ ಬೆರಳುಗಳು ಕೆಚ್ಚಲಿಗೆಂದೇ ಮಾಡಿದವು. ಆದ್ದರಿಂದ ಸಾಸಿವೆ ಗಾತ್ರದ ಮೊಗ್ಗಿನ ಟೋಪಿ ಕಳಚಿ, ಒಳಗಿನ ಗಂಡು ಎಳೆಗಳನ್ನು ಒಂದೊಂದಾಗಿ ಕಿತ್ತು, ಹೆಣ್ಣು ಭಾಗಕ್ಕೆ ನೋವಾಗದಂತೆ ಉಳಿಸುವ ಕೆಲಸ ನನ್ನ ಪಾಲಿನದು. ಪ್ರತಿ ಜೂನ್‌ನಲ್ಲಿ ಎರಡು ವಾರ ರಜೆ ಹಾಕಿ, ಹಾಲು ಕರೆಯುವ ಸ್ಟೂಲಿನ ಮೇಲೆ ಕೂತು, ಕಣ್ಣಿಗೆ ಗಡಿಯಾರ ರಿಪೇರಿಯವನ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ನಾನು ಮಾಡಿದ್ದು ಅದೇ. ಆಮೇಲೆ ಕುಂಚದಿಂದ ಇನ್ನೊಂದು ಬಳ್ಳಿಯ ಪರಾಗ ಸವರಿ, ಜೇನುನೊಣ ಗಾಳಿಗಳು ಮೂಗು ತೂರಿಸದಂತೆ ಗೊಂಚಲಿಗೆ ಚೀಲ ಕಟ್ಟಬೇಕು. ಚೀಲಕ್ಕೆ ಚರ್ಚಿನ ಕಾಣಿಕೆ ಲಕೋಟೆಗಳು. ಪ್ರತಿ ವರ್ಷ ಅವು ರಾಶಿ ಉಳಿಯುತ್ತಿದ್ದವು. ಅದು ನಮ್ಮ ಸಭೆಯವರ ಔದಾರ್ಯದ ಬಗ್ಗೆ ಏನು ಹೇಳುತ್ತದೆಂದು ನಾನು ಹೇಳುವುದಿಲ್ಲ.

ಹೀಗೆ ಹನ್ನೊಂದು ನೂರು ಸಸಿ ಬೆಳೆಸಿದೆವು. ತೊಂಬತ್ತಾರರ ಫೆಬ್ರವರಿಯ ಚಳಿ ಅವುಗಳಲ್ಲಿ ಹೆಚ್ಚಿನವನ್ನು ಬುಡದವರೆಗೆ ಕೊಂದಿತು. ಮೇ ತಿಂಗಳಲ್ಲಿ ಏಳನೇ ಸಾಲಿನ ಹನ್ನೆರಡನೇ ಬಳ್ಳಿ, ಏನೂ ಆಗಿಲ್ಲವೆಂಬಂತೆ, ತುದಿಯವರೆಗೂ ಚಿಗುರಿತು. ಸೆಪ್ಟೆಂಬರಿನಲ್ಲಿ ಹಸಿರು ಹೊನ್ನಿನ ಬಣ್ಣದ ಹಣ್ಣು. ಮೊದಲ ವಾರದಲ್ಲೇ ಕೊಯ್ದರೆ ಅನಾನಸಿನ ಘಮ, ಇನ್ನೂ ಸಿಹಿಯಾಗಲಿ ಎಂದು ದುರಾಸೆಯಿಂದ ಹತ್ತು ದಿನ ಬಿಟ್ಟರೆ ಒದ್ದೆ ನಾಯಿಯ ವಾಸನೆ. ರಸಕ್ಕೂ ಸೈ, ವೈನಿಗೂ ಸೈ. ಹೆಸರಿಡೋಣ ಎಂದೆ. "ಹೆಸರಿಟ್ಟ ಕರುಗಳೇ ಸಾಯೋದು, ಬೇಡ," ಎಂದ ಇಂಗ್‌ವಾಲ್ಡ್. ಹಾಗಾಗಿ ಅದು 'ಏಳು-ಹನ್ನೆರಡು' ಆಗಿಯೇ ಉಳಿಯಿತು.

ಮಾರ್ಚ್‌ನಲ್ಲಿ ಬಳ್ಳಿ ಸವರುವಾಗ ಸಿಗುವ ಕಡ್ಡಿಗಳನ್ನು ಕೇಳಿದವರಿಗೆಲ್ಲ ಕೊಡುವುದು ಈ ಕಡೆಯ ಪದ್ಧತಿ. ಹುಲ್ಲಿನ ಹೊರೆ ಕಟ್ಟುವ ಹುರಿಯಲ್ಲಿ ಕಂತೆ ಕಟ್ಟಿ, ಒದ್ದೆ ಪೇಪರಿನಲ್ಲಿ ಸುತ್ತಿ ಕೊಡುತ್ತೇವೆ. ಅದಕ್ಕೆ ಯಾರೂ ಏನೂ ಕೊಡಬಾರದು; ಥ್ಯಾಂಕ್ಸ್ ಅಂತೂ ಬಾಯಿ ತಪ್ಪಿಯೂ ಹೇಳಬಾರದು. ಹೇಳಿದರೆ ಕಡ್ಡಿ ಬೇರು ಬಿಡುವುದಿಲ್ಲ. ಬಾಗಿಲು ತೆರೆದು ಹಿಡಿದವರಿಗೆ ನಾಲ್ಕು ಸಲ ಥ್ಯಾಂಕ್ಸ್ ಹೇಳುವ ಈ ಜನ, ಕಡ್ಡಿಯ ಕಂತೆ ಕೈಗೆ ಬಂದೊಡನೆ ಹವಾಮಾನದ ಮಾತು ತೆಗೆಯುತ್ತಾರೆ. ನನ್ನ ತಮ್ಮ ಲೈಲ್ ನಲವತ್ತು ಕಡ್ಡಿ ಒಯ್ದದ್ದು ನನ್ನ ಅಡುಗೆಮನೆಯಿಂದಲೇ. ಕಂತೆಯನ್ನು ಕಂಕುಳಲ್ಲಿಟ್ಟುಕೊಂಡು ಅವನು ಬಾಯಿ ತೆರೆದ.

"ಮುಚ್ಚೋ," ಎಂದೆ.

"ನಾನೇನೂ ಹೇಳ್ಲಿಲ್ಲಕ್ಕಾ."

"ಹೇಳೋಕೆ ಹೊರಟಿದ್ದೆ. ತಗೋ, ಇದನ್ನ ತಿನ್ನು," ಎಂದು ಒಲೆಯಿಂದ ಆಗಷ್ಟೇ ಇಳಿದ ಆಲೂಗಡ್ಡೆ ರೊಟ್ಟಿಯನ್ನು ಅವನ ಬಾಯಿಗೆ ತುರುಕಿದೆ. ಕಡ್ಡಿಗಳು ನಲವತ್ತಕ್ಕೆ ನಲವತ್ತೂ ಬೇರು ಬಿಟ್ಟವು.

ಲೈಲ್ ಬಿತ್ತನೆ ಬೀಜದ ಡೀಲರು. ಇರುವ ವಸ್ತು ಇನ್ನಷ್ಟಾಗದಿದ್ದರೆ ಅವನಿಗೆ ನಿದ್ದೆ ಬಾರದು. ಆ ನಲವತ್ತರಿಂದ ಎರಡು ಎಕರೆ ಮಾಡಿದ. ನಮ್ಮ ಮಂಡಿಗಳು ಮುಷ್ಕರ ಹೂಡಿದ ಮೇಲೆ ಚರ್ಚಿಗೆ ರಸ ಒದಗಿಸುವ ಕೆಲಸವನ್ನೂ ಅವನೇ ವಹಿಸಿಕೊಂಡ, ಸಭೆಯ ಅಧ್ಯಕ್ಷನೂ ಆದ. ನನಗೆ ಸಂತೋಷವೇ ಆಗಿತ್ತು. ಇದನ್ನು ಬರೆದಿಡುವುದು ಅಗತ್ಯ, ಏಕೆಂದರೆ ಈಗ ಯಾರೂ ನಂಬುವುದಿಲ್ಲ.

ಈ ವರ್ಷ ಜನವರಿಯಲ್ಲಿ ನರ್ಸರಿಯವರ ಕ್ಯಾಟಲಾಗು ಬಂತು. ಇಲ್ಲಿ ಜನವರಿಯಲ್ಲಿ ಓದಲು ಅದಕ್ಕಿಂತ ಒಳ್ಳೆಯ ಸಾಹಿತ್ಯವಿಲ್ಲ. ಹನ್ನೊಂದನೇ ಪುಟದಲ್ಲಿ ಏಳು-ಹನ್ನೆರಡು ನನ್ನನ್ನು ನೋಡಿತು. ಗೊಂಚಲಿನ ಹೆಗಲು ಹಾಗೆ ಒಂದು ಕಡೆ ಇಳಿದಿರುವ ಬಳ್ಳಿ ಇನ್ನೊಂದಿಲ್ಲ. ಕೆಳಗೆ ಬರೆದಿತ್ತು: 'ಹೊಸ ಬಿಳಿ ದ್ರಾಕ್ಷಿ. ಕಡುಚಳಿಯನ್ನು ತಡೆಯುತ್ತದೆ. ವೈನಿಗೂ ರಸಕ್ಕೂ ಉತ್ತಮ. ನೂರ್ದಾಲಿನ ಲೈಲ್ ಹೌಗ್‌ಸ್ಟಾಡ್ ಅವರ ಬೇಲಿಸಾಲಿನಲ್ಲಿ ತಾನಾಗಿ ಹುಟ್ಟಿದ ಸಸಿಯಿಂದ. ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ. ಅನುಮತಿಯಿಲ್ಲದೆ ಕಡ್ಡಿಯಿಂದ ಬೆಳೆಸುವಂತಿಲ್ಲ.'

ನಾನದನ್ನು ಗಟ್ಟಿಯಾಗಿ ಓದಿದೆ. ಇಂಗ್‌ವಾಲ್ಡ್ ಸಕ್ಕರೆ ಹಾಕದ ಕಾಫಿಯನ್ನು ಚಮಚದಿಂದ ಕಲಕುತ್ತಾ ಕೂತಿದ್ದ.

"ತಾನಾಗಿ ಹುಟ್ಟಿದ್ದಂತೆ," ಎಂದೆ.

"ಹ್ಞೂಂ," ಎಂದ.

ಲೈಲ್‌ಗೆ ಫೋನ್ ಮಾಡಿದೆ.

"ಅಕ್ಕಾ! ನೋಡಿದ್ಯಾ ಫೋಟೋ? ಚೆನ್ನಾಗಿ ಬಂದಿದೆ ಅಲ್ವಾ?"

"ಬೇಲಿಸಾಲು ಯಾವುದೋ ಅದು? ನಿನ್ನ ಹೊಲಕ್ಕೆ ಬೇಲಿ ಎಲ್ಲಿದೆ?"

"ಅಯ್ಯೋ, ಅದು ಆಫೀಸಿನ ಭಾಷೆ ಅಕ್ಕಾ. ಅರ್ಜಿಯಲ್ಲಿ ಏನಾದ್ರೂ ಬರೀಬೇಕಲ್ಲ. ನೀವಿಬ್ರೂ ಯಾವತ್ತೂ ಕಾಗದದ ಗೋಜಿಗೆ ಹೋದವರಲ್ಲ. ನಾನೂ ಹೀಗೇ ಬಿಟ್ಟಿದ್ರೆ ಆ ಬಳ್ಳಿ ನಿಮ್ಮ ಜೊತೆಗೇ ಮಣ್ಣಾಗ್ತಿತ್ತು. ಈಗ ಎಂಟು ರಾಜ್ಯಕ್ಕೆ ಹೋಗುತ್ತೆ!"

"ಹೋಗ್ಲಿ. ನಾವು ಮಾಡಿದ್ದು ಅಂತ ಬರೆಸು, ಹದಿನೆಂಟು ರಾಜ್ಯಕ್ಕೆ ಹೋಗ್ಲಿ."

"ಈಗ ಬದಲಾಯಿಸೋಕಾಗಲ್ಲಕ್ಕಾ. ಅರ್ಜಿಯಲ್ಲಿ ಸುಳ್ಳು ಬರೆದೆ ಅಂತಾಗುತ್ತೆ."

"ಬರೆದಿದ್ದೀಯಲ್ಲೋ!"

"ಅದಕ್ಕೇ ಹೇಳಿದ್ದು," ಎಂದ ಲೈಲ್, ಬಹಳ ಸಮಾಧಾನದಿಂದ. ನನ್ನ ತಮ್ಮ ಸಣ್ಣವನಿದ್ದಾಗಲೂ ಹೀಗೇ. ಬಿಸ್ಕತ್ತಿನ ಡಬ್ಬಿಯೊಳಗೆ ಕೈ ಸಿಕ್ಕಿಹಾಕಿಕೊಂಡಾಗ ಡಬ್ಬಿಯ ಮೇಲೆ ದೂರು ಹೇಳಿದ್ದ.

ಹಕ್ಕು, ಹೆಸರು, ಎಂಟು ರಾಜ್ಯ, ಯಾವುದರ ಮೇಲೂ ನನಗೆ ಆಸೆಯಿರಲಿಲ್ಲ. ಆ ಒಂದು ಮಾತು ನುಂಗಲಾಗಲಿಲ್ಲ. ಮೂವತ್ತು ಜೂನ್‌ಗಳು ಸ್ಟೂಲಿನ ಮೇಲೆ ಕೂತು, ಒಂದೊಂದು ಹೂವಿನ ಒಂದೊಂದು ಎಳೆ ಕಿತ್ತವಳು ನಾನು. ಅದು ತಾನಾಗಿ ಹುಟ್ಟಿದ್ದಲ್ಲ ಎಂದು ಎಲ್ಲಾದರೂ ಒಂದು ಕಡೆ ಅಚ್ಚಾಗಬೇಕಿತ್ತು. ಅಷ್ಟೇ.

ಜಿಲ್ಲಾ ಪಟ್ಟಣದ ವಕೀಲೆಯೊಬ್ಬಳು, ನಮ್ಮ ಲೈಬ್ರರಿಯಲ್ಲಿ ಓದಿಕೊಂಡು ಬೆಳೆದ ಹುಡುಗಿ, ನನ್ನ ಟಿಪ್ಪಣಿ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ ಹೇಳಿದಳು: "ಇವು ನೀವೇ ಬರೆದಿದ್ದು ಮೇಡಂ. ಹೊರಗಿನವರ ಮಾತು ಬೇಕು. ಈ ಬಳ್ಳಿ ನಿಮ್ಮ ಹೊಲದಲ್ಲಿತ್ತು, ಇಂಥ ವರ್ಷ ನಿಮ್ಮ ಕೈಯಿಂದ ನಮಗೆ ಬಂತು ಅಂತ ಮೂರು ಜನ ಬರೆದು ಸಹಿ ಹಾಕಿಕೊಟ್ರೆ ಸಾಕು, ಅರ್ಜಿ ತಡೆಯೋಣ."

ಮೂರು ಜನ! ನಾನು ನಕ್ಕುಬಿಟ್ಟೆ. ಆ ಬಳ್ಳಿ ಇಲ್ಲದ ಮನೆಯೇ ನಮ್ಮ ಸಭೆಯಲ್ಲಿ ಇರಲಿಲ್ಲ.

ನನಗೆ ಹಿಮದ ರಸ್ತೆಯಲ್ಲಿ ಕಾರು ಓಡಿಸುವ ಧೈರ್ಯ ಹೋಗಿ ನಾಲ್ಕು ವರ್ಷವಾಯಿತು. ಇಂಗ್‌ವಾಲ್ಡ್ ತನ್ನ ಹಳೇ ಪಿಕಪ್ಪಿನಲ್ಲಿ ಮನೆಯಿಂದ ಮನೆಗೆ ಕರೆದೊಯ್ದ. ಒಳಗೆ ಬಾ ಎಂದರೆ, "ಇಂಜಿನ್ ಆರಿಸಿದ್ರೆ ಮತ್ತೆ ಹತ್ತಲ್ಲ," ಎಂದು ಹೊರಗೇ ಕೂತಿರುತ್ತಿದ್ದ. ನನ್ನ ಜೊತೆ ಊರೆಲ್ಲ ಸುತ್ತುತ್ತಿದ್ದಾನಲ್ಲ ಎಂದು ನನಗೆ ಅವನ ಮೇಲೆ ಅಕ್ಕರೆ ಉಕ್ಕಿತು. ಒಂದು ಮನೆಯಲ್ಲಿ ಅವನಿಗೆಂದು ಕೇಕಿನ ತುಂಡು ಕಟ್ಟಿಸಿಕೊಂಡು ಬಂದೆ.

ಮೊದಲು ಫರ್ನ್ ಮನೆ. ನಮ್ಮಲ್ಲಿ ಮೂರನೇ ಸಲ ಕೇಳುವವರೆಗೆ ಕಾಫಿ ಒಪ್ಪಿಕೊಳ್ಳುವಂತಿಲ್ಲ, ಎರಡನೇ ಕಪ್ಪು ಮುಗಿಯುವವರೆಗೆ ಬಂದ ಕೆಲಸ ಹೇಳುವಂತಿಲ್ಲ. ಎರಡೂ ಮುಗಿದ ಮೇಲೆ ಕೇಳಿದೆ.

"ಫರ್ನ್, ನಿಮ್ಮ ಗ್ಯಾರೇಜಿನ ಹಿಂದಿರೋ ಬಳ್ಳಿ ಎಲ್ಲಿಂದ ಬಂತು?"

"ಅದಾ? ಅದು ಇದೆ, ತುಂಬಾ ವರ್ಷದಿಂದ."

"ನಾನೇ ತಂದುಕೊಟ್ಟಿದ್ದು. ನೀನು ಅದನ್ನ ನಿಮ್ಮಮ್ಮನ ನೀಲಿ ಬಕೆಟ್ಟಲ್ಲಿ ಇಟ್ಟೆ."

"ಬಕೆಟ್ ನೆನಪಿದೆ."

"ಬಕೆಟ್ಟಲ್ಲಿ ಏನಿತ್ತೇ?"

ಫರ್ನ್ ಮೇಜಿನ ಬಟ್ಟೆಯ ಮೇಲಿನ ಇಲ್ಲದ ಚೂರುಗಳನ್ನು ಕೈಯಲ್ಲಿ ಬಳಿದಳು. "ನೋಡು ಆರ್ಡೆಲ್, ನಾನು ನಿಂಗೆ ಅದಕ್ಕೆ ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ. ಥ್ಯಾಂಕ್ಸ್ ಹೇಳದೇ ಇರೋದನ್ನ ಇಸ್ಕೊಂಡೆ ಅಂತ ಕಾಗದದಲ್ಲಿ ಬರೆದುಕೊಡೋದು ಹೇಗೆ? ಓದಿದವರು ನಮ್ಮನ್ನ ಏನಂದ್ಕೋತಾರೆ?"

"ಹೇಳಬಾರದು ಅಂತ ತಾನೇ ಹೇಳ್ಲಿಲ್ಲ!"

"ಅದನ್ನೂ ಬರೀಬೇಕಾಗುತ್ತೆ. ವಾಷಿಂಗ್ಟನ್ನಿನ ಪೇಟೆಂಟ್ ಆಫೀಸಿನವರಿಗೆ ಅರ್ಥ ಆಗುತ್ತಾ ಅದು? ಮೂಢನಂಬಿಕೆ ಜನ ಅಂತಾರೆ." ಆಮೇಲೆ ದನಿ ತಗ್ಗಿಸಿ, "ಲೈಲ್ ವರ್ಷಕ್ಕೆ ಹನ್ನೆರಡು ಕ್ಯಾನು ರಸ ಕೊಡ್ತಾನೆ. ನಂಗಿನ್ನು ಕೆಂಪಿಗೆ ವಾಪಸ್ ಹೋಗೋ ಶಕ್ತಿ ಇಲ್ಲ ಕಣೇ. ಇನ್ನೊಂದು ತುಂಡು ಕೇಕ್ ತಗೋ."

ಮುಂದಿನ ಆರು ಮನೆಗಳಲ್ಲೂ ಇದೇ. ಬಳ್ಳಿ ಇತ್ತು, ಅದು ಬಂದ ಬಗೆ ಮಾತ್ರ ಯಾರಿಗೂ ನೆನಪಿರಲಿಲ್ಲ. ಒಂದು ಮನೆಯಲ್ಲಿ ಸಹಿ ಹಾಕಲೆಂದು ಪೆನ್ನು ಹಿಡಿದವಳು ಗಂಡನ ಮುಖ ನೋಡಿ, ಪೆನ್ನು ಬರೆಯುತ್ತಿಲ್ಲ ಎಂದಳು. ನಾನು ಚೀಲದಿಂದ ಬೇರೆ ಪೆನ್ನು ತೆಗೆದುಕೊಟ್ಟೆ. ಅದೂ ಬರೆಯುವುದಿಲ್ಲ ಎಂದಳು, ಮುಚ್ಚಳ ತೆಗೆಯದೆ. "ನಾವು ಯಾರ ಕಡೆಗೂ ಸೇರೋರಲ್ಲಪ್ಪ," ಎಂಬ ಮಾತನ್ನು ಆ ವಾರ ನಾನು ಐದು ಸಲ ಕೇಳಿದೆ. ಯಾವ ಕಡೆಗೂ ಸೇರದ ಐದೂ ಜನ ನನ್ನನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಜಾರೀತು ಜೋಪಾನ ಎಂದು ಕೈ ಹಿಡಿದು ಮೆಟ್ಟಿಲಿಳಿಸಿದರು.

ಕೊನೆಗೆ ಉಳಿದವನು ಓಡಿಯನ್. ಮದುವೆಯಾಗದ ಮುದುಕ, ಹತ್ತು ಹಸು, ಒಂದು ನಾಯಿ, ಸುಳ್ಳು ಹೇಳಲು ಬೇಕಾದ ಸಂಸಾರ ಇಲ್ಲ. ಅವನ ಮನೆಗೆ ಹೊರಟಾಗ ಮಾತ್ರ ಇಂಗ್‌ವಾಲ್ಡ್, "ಅವನನ್ನ ಬಿಟ್ಟುಬಿಡು. ಅವನಿಗೆ ಕಿವಿ ಸರಿಯಿಲ್ಲ," ಎಂದ.

"ಸಹಿ ಹಾಕೋಕೆ ಕಿವಿ ಯಾಕೆ?"

ಇಂಗ್‌ವಾಲ್ಡ್ ಆ ಮೂರು ಮೈಲಿಯನ್ನು ಟ್ರ್ಯಾಕ್ಟರಿನ ವೇಗದಲ್ಲಿ ಓಡಿಸಿದ.

ಓಡಿಯನ್ ಕಾಫಿ ಬೇಕಾ ಎಂದು ಒಂದೇ ಸಲ ಕೇಳಿದ, ಅವನು ಹಾಗೆಯೇ. ನಾನು ಬಂದ ವಿಷಯ ಹೇಳಿ ಕಾಗದ ಮುಂದಿಟ್ಟೆ. ಅವನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ.

"ಹೌದು, ಸತ್ಯ," ಎಂದ. "ಎರಡು ಸಾವಿರದ ಮೂರು. ಹದಿನೈದು ಕಡ್ಡಿ. ಆರು ನಾಯಿ ತಿಂತು."

"ಹಾಗಾದ್ರೆ ಸಹಿ ಹಾಕು."

"ಹಾಕೋಕೆ ಆಗಲ್ಲವಲ್ಲಮ್ಮ. ಆ ಇನ್ನೊಂದು ಕಾಗದಕ್ಕೆ ಹಾಕಿದ್ದೀನಲ್ಲ. ಎರಡಕ್ಕೂ ಹಾಕಿದ್ರೆ ಜೈಲಲ್ವಾ?"

"ಯಾವ ಇನ್ನೊಂದು?"

"ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷ ಸುಗ್ಗಿ ಆದ್ಮೇಲೆ. ಲೈಲ್ ತಂದಿದ್ನಲ್ಲ. ಸಸಿ ಲೈಲ್ ಹೊಲದಲ್ಲಿ ಹುಟ್ಟಿದ್ದು, ತನಗೆ ಅದರಲ್ಲಿ ಯಾವ ಹಕ್ಕೂ ಇಲ್ಲ ಅಂತ ಇಂಗ್‌ವಾಲ್ಡ್ ಸಹಿ ಹಾಕಿದ. ನಾನು ಕೆಳಗೆ ಸಾಕ್ಷಿ. ಇದೇ ಮೇಜು." ಓಡಿಯನ್ ಕನ್ನಡಕ ತೆಗೆದು ನನ್ನ ಮುಖ ನೋಡಿದ. "ಅವನು ನಿಂಗೆ ಹೇಳಿಲ್ವಾ?"

"ಹೇಳ್ದ," ಎಂದೆ. "ಮರೆತಿದ್ದೆ."

ಯಾಕೆ ಹಾಗಂದೆನೋ. ನಲವತ್ತಾರು ವರ್ಷದ ಅಭ್ಯಾಸ, ಗಂಡನ ಮಾನ ಕಾಯುವುದು. ನಾಲಗೆ ನನ್ನನ್ನು ಕೇಳದೆಯೇ ಕೆಲಸ ಮಾಡಿತು.

ಪಿಕಪ್ಪಿನ ಕಿಟಕಿಗೆ ಒಳಗಿನಿಂದ ಹಬೆ ಕಟ್ಟಿತ್ತು. ಹತ್ತಿ ಕೂತು ಬಾಗಿಲೆಳೆದುಕೊಂಡೆ. ಅವನು ಗೇರು ಹಾಕಲಿಲ್ಲ.

"ಅದರಲ್ಲಿ ತಾನಾಗಿ ಹುಟ್ಟಿದ್ದು ಅಂತ ಇತ್ತಾ?"

"ಇತ್ತು."

"ಓದಿದ್ಯಾ? ಓದದೆ ಹಾಕಿದ್ಯಾ?"

"ಓದಿನೇ ಹಾಕಿದೆ."

ವೈಪರು ಒಂದು ಸಲ ಆ ಕಡೆ ಹೋಗಿ ಈ ಕಡೆ ಬಂತು.

"ಲೈಲ್ ಎರಡು ಗಂಟೆ ಕೂತಿದ್ದ, ಆರ್ಡೆಲ್. ಕಾಫಿ ಎಲ್ಲಾ ಮುಗೀತು. ನಾನು ಯೋಚ್ನೆ ಮಾಡ್ತೀನಿ ಅಂದೆ, ಸರಿ ಯೋಚ್ನೆ ಮಾಡಿ ಭಾವ, ನಾನಿಲ್ಲೇ ಇರ್ತೀನಿ ಅಂದ. ಕೂತೇ ಇದ್ದ. ಎದುರಿಗೆ ಕೂತಿರೋನಿಗೆ ಆಗಲ್ಲ ಅನ್ನೋದು ಹೇಗೆ? ಅದೂ ನಿನ್ನ ತಮ್ಮ. ನವೆಂಬರಿನಲ್ಲಿ ಎಲ್ಲರೂ ನಮ್ಮನೇಗೇ ಹಬ್ಬದ ಊಟಕ್ಕೆ ಬರೋರು."

"ನಂಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಆಗಲ್ಲ ಅಂತಿದ್ದೆ."

ಅದು ನಿಜ.

"ನನ್ನ ಜೊತೆ ಎಂಟು ಮನೆ ಸುತ್ತಿದೆ," ಎಂದೆ. "ನಾನು ಒಬ್ಬೊಬ್ಬರ ಮುಂದೆ ಹಲ್ಲು ಗಿಂಜುವಾಗ ನೀನು ಹೊರಗೆ ಕೂತಿದ್ದೆ. ಕೇಕ್ ತಿಂದೆ."

"ಎಲ್ಲರೂ ಇಲ್ಲ ಅಂತಾರೆ, ನೀನೇ ಬಿಟ್ಟುಬಿಡ್ತೀಯ ಅಂದ್ಕೊಂಡೆ."

"ಮೂವತ್ತು ಜೂನ್, ಇಂಗ್‌ವಾಲ್ಡ್."

ಅವನು ಸ್ಟಿಯರಿಂಗ್ ಮೇಲಿನ ಕೈಗಳನ್ನು ನೋಡಿಕೊಂಡ. ನಿಜವಾಗಿ ಯೋಚಿಸಿ, ನನಗೆ ಸಮಾಧಾನವಾಗಲಿ ಎಂದೇ ಹೇಳಿದ: "ಅದು ಬಳ್ಳಿ ಬಗ್ಗೆ ಕಾಗದ ಕಣೇ. ನಿನ್ನ ಬಗ್ಗೆ ಏನೂ ಇರ್ಲಿಲ್ಲ ಅದರಲ್ಲಿ."

ಆಮೇಲೆ ಗೇರು ಹಾಕಿದ. ಮನೆಯವರೆಗೆ ನಾವು ಮಾತಾಡಲಿಲ್ಲ. ಅದರಲ್ಲಿ ವಿಶೇಷವೇನಿಲ್ಲ, ಬೇರೆ ದಿನಗಳಲ್ಲೂ ಆಡುತ್ತಿರಲಿಲ್ಲ. ಆದರೆ ಆವತ್ತಿನ ಮೌನಕ್ಕೆ ನನ್ನ ಒಪ್ಪಿಗೆ ಇರಲಿಲ್ಲ.

ವಕೀಲೆ ಆ ಇನ್ನೊಂದು ಕಾಗದದ ನಕಲು ತರಿಸಿ ನನ್ನ ಮುಂದಿಟ್ಟಳು. ಇಂಗ್‌ವಾಲ್ಡ್‌ನ ಸಹಿ ಅವನ ಹಸುಗಳಷ್ಟೇ ದಪ್ಪಗೆ, ನಿಧಾನವಾಗಿ ನಿಂತಿತ್ತು.

"ಯಾರಾದ್ರೂ ಬಲವಂತ ಮಾಡಿದ್ರಾ ಅವರಿಗೆ? ಹೆದರಿಸಿದ್ರಾ?" ಎಂದು ಕೇಳಿದಳು, ಆಸೆಯಿಂದ.

"ಇಲ್ಲಮ್ಮ. ನನ್ನ ತಮ್ಮ ಎದ್ದು ಹೋಗದೆ ಕೂತಿದ್ದ."

"ಅದು ಕಾನೂನಿನಲ್ಲಿ ಬರಲ್ಲ ಮೇಡಂ."

"ಗೊತ್ತು. ನಮ್ಮಲ್ಲಿ ಮಾತ್ರ ಬರುತ್ತೆ."

ಆಕ್ಷೇಪಣೆಯನ್ನು ಸಲ್ಲಿಸಲಿಲ್ಲ. ಮಾರ್ಚ್‌ನಲ್ಲಿ ಬಳ್ಳಿ ಸವರಿದ್ದು ಇಂಗ್‌ವಾಲ್ಡ್ ಒಬ್ಬನೇ. ಕಡ್ಡಿಗಳನ್ನು ಕಂತೆ ಕಟ್ಟದೆ ಸಾಲಿನ ಕೊನೆಯಲ್ಲಿ ಒಟ್ಟಿ ಬೆಂಕಿ ಹಚ್ಚಿದ. ಕಾನೂನು ಮೀರುವ ಜನ ನಾವಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕಾಫಿಗೆ ಕರೆಯಲಿಲ್ಲ. ಅವನೂ ಬರಲಿಲ್ಲ.

ಏಪ್ರಿಲ್ ಒಂಬತ್ತರಂದು ಪೇಟೆಂಟ್ ಲೈಲ್‌ನ ಹೆಸರಿಗೆ ಮಂಜೂರಾಯಿತು.